ಚಿಂತಾಮಣಿಯ ಅಳಿಯನಿಗೆ ತೆಲುಗು ಬರುತ್ತಿತ್ತು

ನನಗೆ ತೆಲುಗು ಬರುತ್ತದೆ.

ಗೌರಿಬಿದನೂರಿನಲ್ಲಿ ನಿಂತು ಹೀಗೆ ತಪ್ಪೊಪ್ಪಿಕೊಂಡರೆ ಜನ ನಗುತ್ತಾರೆ. ಇಲ್ಲಿ ತರಕಾರಿ ತೂಗುವವರಿಗೆ ಬರುತ್ತದೆ, ಕಂಡಕ್ಟರಿಗೆ ಬರುತ್ತದೆ, ಉರ್ದು ಮನೆಯ ಹುಡುಗರಿಗೂ ಬರುತ್ತದೆ. ಅದರಲ್ಲಿ ಮುಚ್ಚಿಡುವುದೇನು, ಬಿಚ್ಚಿಡುವುದೇನು? ಆದರೆ ನಾನು ಮುಚ್ಚಿಟ್ಟೆ. ನನ್ನ ಹೆಂಡತಿಯಿಂದ, ಅವಳ ತವರಿನ ಸಮಸ್ತರಿಂದ, ನಲವತ್ತು ವರ್ಷಕ್ಕೂ ಮೇಲೆ. ಮುಚ್ಚಿಟ್ಟಿದ್ದಷ್ಟೇ ಆಗಿದ್ದರೆ ಅದನ್ನು ಒಂದು ತಮಾಷೆಯ ಲೆಕ್ಕಕ್ಕೆ ಬರೆದುಕೊಳ್ಳಬಹುದಿತ್ತು. ಅದರಿಂದ ಒಬ್ಬರು ಕೊನೆಗಾಲದಲ್ಲಿ ಕೇಳಿದ್ದು ಅವರಿಗೆ ಸಿಗಲಿಲ್ಲ. ಇನ್ನೊಬ್ಬರು ಶಿಡ್ಲಘಟ್ಟದಲ್ಲಿ ಇವತ್ತಿಗೂ — ಇರಲಿ, ಅಲ್ಲಿಗೆ ಬರುತ್ತೇನೆ. ಬರದೆ ಬೇರೆ ದಾರಿಯಿಲ್ಲ.

ನಾನು ಅರಸೀಕೆರೆ ಕಡೆಯವನು. ಅಲ್ಲಿಂದ ನೋಡಿದರೆ ತೆಲುಗು ಪರದೇಶದ ಭಾಷೆಯೇ. ಗೌರಿಬಿದನೂರಿನ ಹೈಸ್ಕೂಲಿಗೆ ಕನ್ನಡ ಪಂಡಿತನಾಗಿ ಬಂದ ಮರುವರ್ಷ ಚಿಂತಾಮಣಿಗೆ ಹೆಣ್ಣು ನೋಡಲು ಹೋದೆ. ಶಾರದಳ ಮನೆಯವರು ಒಳಗೆಲ್ಲ ತೆಲುಗು, ಹೊರಗೆಲ್ಲ ಕನ್ನಡ. ಅವಳ ತಂದೆ ಉಪಚಾರಕ್ಕೆಂದು, ತಮಗೆ ತೆಲುಗು ಬರುತ್ತದೆಯೇ ಎಂದು ಕೇಳಿದರು. ಬರುವುದಿಲ್ಲ ಎಂದಿದ್ದರೆ ಸಾಕಿತ್ತು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, "ಬಾರದು, ಕಲಿಯುವ ಅಗತ್ಯವೂ ಕಂಡಿಲ್ಲ" ಎಂದೆ. ಇಪ್ಪತ್ತಾರರ ವಯಸ್ಸಿನಲ್ಲಿ ಒಬ್ಬ ಕನ್ನಡ ಪಂಡಿತ ಎಷ್ಟು ಅಸಹ್ಯವಾಗಿರಬಲ್ಲ ಎಂಬುದನ್ನು ನೆನೆದರೆ ಈಗಲೂ ಸೋಜಿಗವಾಗುತ್ತದೆ. ಆಶ್ಚರ್ಯವೆಂದರೆ, ಅವರು ಹುಡುಗಿಯನ್ನು ಕೊಟ್ಟರು.

ಆ ಒಂದು ವಾಕ್ಯ ನನ್ನ ಕಾಲಿಗೆ ಸುತ್ತಿಕೊಂಡಿತು. ಊರಿನವರು, ವಿದ್ಯಾರ್ಥಿಗಳ ಅಪ್ಪಂದಿರು, ಬಸ್‌ಸ್ಟ್ಯಾಂಡಿನಲ್ಲಿ ದಾರಿ ಕೇಳುವವರು, ಯಾರು ತೆಲುಗಿನಲ್ಲಿ ಮಾತಾಡಿಸಿದರೂ ನನ್ನ ಉತ್ತರ ಒಂದೇ: "ತೆಲೀದು." ಗೊತ್ತಿಲ್ಲ ಎಂದು. ನಾನು ಬಾಯಿಬಿಟ್ಟು ಆಡುತ್ತಿದ್ದ ತೆಲುಗು ಅದೊಂದೇ ಮಾತು. ಅದನ್ನು ಬಹಳ ಸ್ಪಷ್ಟವಾಗಿ ಉಚ್ಚರಿಸುತ್ತಿದ್ದೆ.

ಇದನ್ನೆಲ್ಲ ಈಗ ಕೆದಕಿದವಳು ನನ್ನ ಮಗಳ ಮಗಳು ಅನನ್ಯ. ಚಿಕ್ಕಬಳ್ಳಾಪುರದಲ್ಲಿ ನರ್ಸಿಂಗ್ ಓದುತ್ತಾಳೆ. ಫೋನಿನಲ್ಲಿ ಜರ್ಮನ್ ಕಲಿಯುತ್ತಾಳೆ. ರಜೆಗೆ ನಮ್ಮಲ್ಲಿಗೆ ಬಂದವಳು ಒಂದು ಸಂಜೆ ಹಜಾರದಲ್ಲಿ ಕೂತು, ಭಾಷೆ ಬರುತ್ತದೆ ಎನ್ನುವುದಕ್ಕೂ ಆರು ಮೆಟ್ಟಿಲಿದೆ ಎಂದು ನಮಗೆ ಬೋಧಿಸಿದಳು. ಕೆಳಗಿನ ಮೆಟ್ಟಿಲಲ್ಲಿ ಹೆಸರು ಹೇಳುವುದು, ಏನು, ಎಲ್ಲಿ, ಯಾರು ಎಂದು ಕೇಳುವುದು. ಮಧ್ಯದಲ್ಲಿ ಪ್ರಯಾಣ, ಆಸ್ಪತ್ರೆ, ಅಂಗಡಿ. ಮೇಲೆ ಹೋದಂತೆ ವಾದ, ಹಾಸ್ಯ, ಮಾತಿನ ಹಿಂದಿರುವ ಮಾತು. ಕೇಳಿ ತಿಳಿಯುವುದಕ್ಕೆ ಒಂದು ಏಣಿ, ಮಾತಾಡುವುದಕ್ಕೆ ಇನ್ನೊಂದು ಏಣಿ. ಒಬ್ಬರೇ ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಇರಬಹುದಂತೆ. ನಾನು ಕುತೂಹಲದಿಂದ ಕೇಳುತ್ತಿದ್ದೆ. ಐವತ್ತು ವರ್ಷ ಭಾಷೆ ಉಣ್ಣುತ್ತ ಬದುಕಿದವನಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಆಮೇಲೆ ಅವಳು ಮನೆಯವರಿಗೆಲ್ಲ ಮೆಟ್ಟಿಲು ಹಂಚಲು ಹೊರಟಳು. ಅಜ್ಜಿಗೆ ತೆಲುಗು, ಕನ್ನಡ ಎರಡರಲ್ಲೂ ತುತ್ತತುದಿ. ನನ್ನ ಸರದಿ ಬಂದಾಗ ಶಾರದಳೇ ಹೇಳಿಬಿಟ್ಟಳು.

"ಅವರಿಗೆ ತೆಲುಗು ಸೊನ್ನೆ ಕಣೇ. ನಮ್ಮಮ್ಮ ಹೋಗೋ ಹೊತ್ತಲ್ಲೂ ಏನೋ ಅಂತಿದ್ರಂತೆ, ಪಾಪ, ಮಿಕಮಿಕ ನೋಡ್ತಾ ಕೂತಿದ್ರು ಪಕ್ಕದಲ್ಲಿ."

ಪಾಪ. ಆ ಶಬ್ದವನ್ನು ಅವಳು ನನ್ನ ಮೇಲಿನ ಕರುಣೆಯಿಂದ ಆಡಿದಳು. ಹತ್ತು ವರ್ಷದಿಂದ ಆಡುತ್ತಿದ್ದಾಳೆ. ಆ ಸಂಜೆ ಮಾತ್ರ ನನಗೆ ಅದನ್ನು ನುಂಗಲಾಗಲಿಲ್ಲ.

ನಾನು ಹತ್ತಿದ ಏಣಿ ಅನನ್ಯಳ ಏಣಿಯಂತಿರಲಿಲ್ಲ. ನನ್ನ ಮೊದಲ ಮೆಟ್ಟಿಲು ಊಟದ ಎಲೆ. ಚಿಂತಾಮಣಿಯಲ್ಲಿ ಅಳಿಯನ ಎಲೆಗೆ ಬಡಿಸುವಾಗ 'ಚಾಲು' ಎಂದರೆ ಸಾಕು ಎಂಬುದನ್ನು ಹೊಟ್ಟೆಯೇ ಕಲಿತುಕೊಂಡಿತು. ಬಾಯಿ ಹೇಳಲಿಲ್ಲ, ಆದ್ದರಿಂದ ಹೆಚ್ಚು ತಿಂದೆ. ಆಮೇಲೆ 'ಅಲ್ಲುಡು', ಅಂದರೆ ಅಳಿಯ, ಎಂಬುದು ಕಿವಿಗೆ ಬಿದ್ದಾಗಲೆಲ್ಲ ಮಾತು ನನ್ನ ಬಗ್ಗೆ ಎಂದು ತಿಳಿಯತೊಡಗಿತು, ಏನೆಂದು ತಿಳಿಯುತ್ತಿರಲಿಲ್ಲ. ಅದು ಬಹಳ ಸಂಕಟದ ಮೆಟ್ಟಿಲು. ಮನುಷ್ಯ ಭಾಷೆಯನ್ನು ಜ್ಞಾನದಾಹದಿಂದ ಕಲಿಯುತ್ತಾನೆ ಎಂದು ತರಗತಿಯಲ್ಲಿ ಪಾಠ ಮಾಡುತ್ತಿದ್ದವನು, ನನ್ನ ಬಗ್ಗೆ ಏನು ಆಡಿಕೊಂಡರು ಎಂಬ ಚಡಪಡಿಕೆಯಿಂದಲೇ ಅರ್ಧ ತೆಲುಗು ಕಲಿತೆ.

ಮೂರನೆಯ ವರ್ಷವೋ ಏನೋ, ಒಂದು ಇಡೀ ವಾಕ್ಯ ಇದ್ದಕ್ಕಿದ್ದಂತೆ ಅರ್ಥವಾಯಿತು. ಹೇಳಿದವರು ನನ್ನ ಅತ್ತೆ, ವೆಂಕಟಮ್ಮನವರು. ಅವರೆಕಾಯಿ ಬಿಡಿಸುತ್ತ, ನನ್ನೆದುರೇ, ತಮ್ಮ ತಂಗಿಗೆ ಹೇಳಿದರು: ಈ ಮಹಾರಾಯನಿಗೆ ಕೋಪ ಬಂದರೆ ಕಿವಿ ಅಲ್ಲಾಡುತ್ತದೆ, ನೋಡಿದ್ದೀಯಾ? ತಂಗಿ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದೆ. ಅಲ್ಲಾಡುವುದು ಸುಳ್ಳಲ್ಲ, ಕೋಪಕ್ಕಷ್ಟೇ ಅಲ್ಲ, ನಗು ತಡೆದುಕೊಂಡರೂ ಅಲ್ಲಾಡುತ್ತದೆ.

ಅವತ್ತೇ ಹೇಳಿಬಿಡಬಹುದಿತ್ತು. ಎಲ್ಲರೂ ನಕ್ಕು, ಒಂದು ಲೋಟ ಕಾಫಿ ಹೆಚ್ಚಿಗೆ ಕೊಟ್ಟು, ಮರೆತುಬಿಡುತ್ತಿದ್ದರು. ಹೇಳಲಿಲ್ಲ. ಯಾಕೆ — ಸೋತೆ ಎಂದಾಗುತ್ತದಲ್ಲ ಎಂಬುದು ಒಂದು. ಇನ್ನೊಂದು, ರುಚಿ ಹತ್ತಿತ್ತು. ತಿಳಿಯದವನ ಎದುರಿಗೆ ಜನ ಎಷ್ಟು ನಿರಾಳವಾಗಿರುತ್ತಾರೆಂದು ತಿಳಿಯದವರಿಗೆ ಗೊತ್ತಾಗುವುದಿಲ್ಲ. ಚಿಂತಾಮಣಿಯ ಆ ಹಜಾರದಲ್ಲಿ ಯಾವ ನಾದಿನಿ ಯಾರ ಮೇಲೆ ಮುನಿದಳು, ಯಾರ ಮದುವೆ ಯಾಕೆ ಮುರಿಯಿತು, ಎಲ್ಲವೂ ನನ್ನ ಮುಂದೆ ಹರಿಯುತ್ತಿತ್ತು. ಯಾವ ಜಗಳದಲ್ಲೂ ಯಾರೂ ನನ್ನನ್ನು ಸಾಕ್ಷಿಗೆ ಕರೆಯುತ್ತಿರಲಿಲ್ಲ. ತರಗತಿಯಲ್ಲೂ ಲಾಭವಾಯಿತು: ಹಿಂದಿನ ಬೆಂಚಿನವರು ತೆಲುಗಿನಲ್ಲಿ ನನಗಿಟ್ಟ ಹೆಸರುಗಳಷ್ಟನ್ನೂ ಬಲ್ಲೆ, ಒಂದೆರಡು ಬಹಳ ಚೆನ್ನಾಗಿದ್ದವು.

ಹಾಸ್ಯ ಅರ್ಥವಾದದ್ದು ಬಹಳ ತಡವಾಗಿ. ಜಗಳ ಬೇಗ ತಿಳಿಯುತ್ತದೆ, ದುಃಖವೂ ತಿಳಿಯುತ್ತದೆ, ಧ್ವನಿಯೇ ಹೇಳಿಬಿಡುತ್ತದೆ. ನಗೆಮಾತಿಗೆ ಆ ಮನೆಯ ಹಳೆಯ ಕಥೆಯೆಲ್ಲ ಗೊತ್ತಿರಬೇಕು. ಅತ್ತೆ ನಗೆಮಾತಿನಲ್ಲಿ ಘಟಿಗರು. ಮುಖದ ಒಂದು ಗೆರೆಯೂ ಅಲುಗದಂತೆ ಹೇಳುವವರು. ನನ್ನೆದುರು ಕೂತು ಹೇಳುತ್ತಿದ್ದರು. ಯಾವಾಗಲೂ ನನ್ನೆದುರೇ — ಇದನ್ನು ನಾನು ಆಗ ಗಮನಿಸಲಿಲ್ಲ. ತುಟಿ ಕಚ್ಚಿಕೊಂಡು ಕ್ಯಾಲೆಂಡರ್ ಓದುವುದರಲ್ಲೇ ಮಗ್ನನಾಗಿದ್ದೆ. ಎಷ್ಟೋ ವರ್ಷಗಳ ಏಕಾದಶಿಗಳು ನನಗೆ ಹಾಗೆ ಬಾಯಿಪಾಠವಾದವು.

ಕೊನೆಯ ಮೆಟ್ಟಿಲು ಯಾವುದೆಂದು ಯೋಚಿಸಿದ್ದೇನೆ. ಯಾವ ಭಾಷೆಯಲ್ಲಿ ಕೇಳಿದೆವೆಂಬುದೇ ಮರೆತುಹೋಗುವುದು. ಅತ್ತೆ ತಮ್ಮ ಬಾಲ್ಯದ ಬಗ್ಗೆ, ಮದನಪಲ್ಲಿ ಕಡೆಯ ಹುಣಸೆತೋಪಿನ ಬಗ್ಗೆ ಹೇಳಿದ್ದೆಲ್ಲ ನನಗೆ ಕನ್ನಡದಲ್ಲೇ ನೆನಪಿದೆ. ಅವರು ಅಷ್ಟು ಕನ್ನಡ ಆಡಬಲ್ಲವರೇ ಆಗಿರಲಿಲ್ಲ.

ಇನ್ನೊಂದು ಏಣಿಯ ವಿಷಯ ಹೇಳದೆ ಹೋದರೆ ಅದೂ ಮುಚ್ಚಿಟ್ಟಂತೆಯೇ. ಅಳಿಯನಿಗೆ ತೆಲುಗು ಬಾರದೆಂದು ಅತ್ತೆ ಐವತ್ತರ ಮೇಲೆ ಕನ್ನಡ ಕಲಿಯತೊಡಗಿದರು. ಕಲಿಸಿದ್ದು ಟೀವಿಯ ಪೌರಾಣಿಕ ಧಾರಾವಾಹಿ. ನಾನು ಬಸ್ಸಿಳಿದು ಒಳಗೆ ಬಂದರೆ, "ತಮ್ಮ ಆಗಮನದಿಂದ ಸಂತೋಷವಾಯಿತು ಅಳಿಯಂದ್ರೇ, ಕಾಲು ತೊಳ್ಕಳಿ" ಎನ್ನುತ್ತಿದ್ದರು. ಅರ್ಧ ಇಂದ್ರನ ಸಭೆ, ಅರ್ಧ ಬಚ್ಚಲು. ಹೇಳಿ ಮುಗಿಸಿ ಸರಿಯಾಯಿತೇ ಎಂದು ನನ್ನ ಮುಖ ನೋಡುವರು. ನಾನು ಪರೀಕ್ಷಕನ ಗಾಂಭೀರ್ಯದಿಂದ ತಲೆದೂಗುತ್ತಿದ್ದೆ. ಅವರು ಒಂದೊಂದು ಶಬ್ದಕ್ಕೂ ಏದುಸಿರು ಬಿಡುತ್ತ ಹತ್ತುತ್ತಿದ್ದ ಆ ಏಣಿಯ ಅಗತ್ಯವೇ ಇರಲಿಲ್ಲವೆಂದು ಬಲ್ಲವನು ಇಡೀ ಪ್ರಪಂಚದಲ್ಲಿ ನಾನೊಬ್ಬನೇ. ತಲೆದೂಗಿದೆ.

ಅವರ ತಂಗಿಯ ಬಗ್ಗೆ ಹೇಳಿದೆನಲ್ಲ — ಸುಬ್ಬಮ್ಮನವರು, ನನಗೆ ಚಿಕ್ಕತ್ತೆ. ಶಿಡ್ಲಘಟ್ಟಕ್ಕೆ ಕೊಟ್ಟಿದ್ದರು, ರೇಷ್ಮೆನೂಲು ತೆಗೆಯುವ ಮನೆ. ಅಕ್ಕತಂಗಿಯರು ಒಂದೇ ಬಳ್ಳಿಯಂತಿದ್ದರು. ಮಾವ ತೀರಿಕೊಂಡ ಮೇಲೆ ಚಿಕ್ಕತ್ತೆಯ ಮಗಳ ಮದುವೆ ಬಂತು. ಆರತಿಯ ಹೊತ್ತಿಗೆ ಅತ್ತೆ ತಟ್ಟೆಯ ಕಡೆ ಕೈಚಾಚಿದರು. ಆ ಮಗುವನ್ನು ಎತ್ತಿ ಆಡಿಸಿದ ಕೈ. ಗಂಡಿನ ಕಡೆಯ ಹಿರಿಯರು ಮುಖ ಕಿವುಚಿದರು. ಚಿಕ್ಕತ್ತೆ ಹೆದರಿ, ಎಲ್ಲರಿಗೂ ಕೇಳುವಂತೆ ಅಕ್ಕನಿಗೆ ತೆಲುಗಿನಲ್ಲಿ, ನೀನು ಹಿಂದೆ ಕೂತಿರು ಅಕ್ಕಾ, ಎಂದರು. ಅಷ್ಟೇ. ಅತ್ತೆ ಹಿಂದೆ ಹೋಗಿ ಕೂತರು, ಊಟ ಮಾಡಿದರು, ಉಡುಗೊರೆ ಕೊಟ್ಟರು, ಬಸ್ಸು ಹತ್ತಿದರು. ಆಮೇಲೆ ತಂಗಿಯ ಜೊತೆ ಮಾತಾಡಲಿಲ್ಲ. ಚಿಕ್ಕತ್ತೆ ಕೆಲವು ಸಲ ಬಂದು ಬಾಗಿಲಲ್ಲಿ ಅತ್ತು ಹೋದರು. ಬರಬರುತ್ತ ಬರುವುದೂ ನಿಂತಿತು. ಅತ್ತೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ, ಹೆಸರೆತ್ತಲೇ ಇಲ್ಲ.

ಹಾಗೆ ವರ್ಷಗಳು ಹೋದವು. ಅತ್ತೆಗೆ ಕಾಯಿಲೆಯಾಯಿತು, ಶಾರದ ಅವರನ್ನು ಗೌರಿಬಿದನೂರಿಗೆ, ನಮ್ಮ ಮನೆಗೆ ಕರೆದುಕೊಂಡು ಬಂದಳು. ಕೊನೆಯ ವಾರದಲ್ಲಿ ಅವರ ಕನ್ನಡ ಒಂದೊಂದಾಗಿ ಕಳಚಿಕೊಂಡಿತು. ಇಂದ್ರನ ಸಭೆ ಮೊದಲು ಹೋಯಿತು, ಬಚ್ಚಲು ಆಮೇಲೆ. ಹಾಗೆಂದು ನಾವು ತಿಳಿದೆವು. ಉಳಿದದ್ದು ತೆಲುಗು, ಅದೂ ಕಡಿಮೆ.

ಒಂದು ಮಧ್ಯಾಹ್ನ ಶಾರದ ಔಷಧಿ ಅಂಗಡಿಗೆ ಹೋಗಿದ್ದಳು. ನಾನು ಮಂಚದ ಪಕ್ಕದ ಕುರ್ಚಿಯಲ್ಲಿದ್ದೆ. ಅತ್ತೆ ಕಣ್ಣು ತೆರೆದು, ನನ್ನ ಕಡೆ ತಿರುಗಿ, ತೊದಲದೆ ಹೇಳಿದರು:

"ಸುಬ್ಬುನಿ ಪಿಲಿಪಿಂಚು ನಾಯನಾ. ಒಕ ಮಾಟ ಚೆಪ್ಪಾಲ."

ಸುಬ್ಬುವನ್ನು ಕರೆಸು ಮಗನೇ, ಒಂದು ಮಾತು ಹೇಳಬೇಕು. ಅಳಿಯಂದಿರು ಎನ್ನಲಿಲ್ಲ, ತಾವು ಎನ್ನಲಿಲ್ಲ. ಮನೆಯ ಹುಡುಗನಿಗೆ ಹೇಳುವ ಹಾಗೆ.

ನಾನು ತಿಳಿಯದವನ ಮುಖ ಹಾಕಿಕೊಂಡೆ.

ಚಿಕ್ಕತ್ತೆಯ ನಂಬರು ನನ್ನ ಜೇಬಿನ ಫೋನಿನಲ್ಲಿತ್ತು. ಶಿಡ್ಲಘಟ್ಟದಿಂದ ಬಸ್ಸು ಹತ್ತಿ, ಚಿಕ್ಕಬಳ್ಳಾಪುರದಲ್ಲಿ ಬದಲಿಸಿದರೆ ಸಂಜೆಯೊಳಗೆ ನಮ್ಮ ಮನೆ. ನಾನು ಯೋಚಿಸಿದ್ದು ಅದನ್ನಲ್ಲ. ಫೋನು ಮಾಡಿದರೆ ಶಾರದ ಬಂದು ಕೇಳುತ್ತಾಳೆ — ಅಮ್ಮ ಹೇಳಿದ್ದು ನಿಮಗೆ ಹೇಗೆ ತಿಳಿಯಿತು? ಆ ಒಂದು ಪ್ರಶ್ನೆಯ ಹಿಂದೆ ಮೂವತ್ತು ವರ್ಷದ ಹಜಾರ ಪೂರ್ತಿ ಎದ್ದು ನಿಲ್ಲುತ್ತದೆ. ಯಾರ್ಯಾರು ನನ್ನ ಮುಂದೆ ಏನೇನು ಆಡಿದ್ದರು... ಅವರೆಲ್ಲರ ಮುಖ ಕಂಡಿತು. ಸಾಯುತ್ತಿರುವ ಹೆಂಗಸಿನ ಮುಖ ಎದುರಿಗೇ ಇತ್ತು, ಅದೊಂದು ಕಾಣಲಿಲ್ಲ. ಶಾರದ ಬಂದ ಮೇಲೆ ಅವಳಿಗೇ ಇನ್ನೊಂದು ಸಲ ಹೇಳುತ್ತಾರೆ, ಎಂದುಕೊಂಡೆ.

ಅತ್ತೆ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ನನ್ನ ಕಣ್ಣನ್ನಲ್ಲ. ಅವರ ದೃಷ್ಟಿ ನನ್ನ ಮುಖದ ಪಕ್ಕಕ್ಕಿತ್ತು. ದೃಷ್ಟಿ ಮಂಜಾಗಿದೆ ಎಂದುಕೊಂಡೆ. ಅವರು ನೋಡುತ್ತಿದ್ದದ್ದು ನನ್ನ ಕಿವಿಯನ್ನು ಎಂದು ಹೊಳೆದದ್ದು ಎಷ್ಟೋ ವರ್ಷದ ಮೇಲೆ, ಒಂದು ದಿನ ಗಡ್ಡ ಹೆರೆದುಕೊಳ್ಳುವಾಗ ಕನ್ನಡಿಯ ಮುಂದೆ. ಹಾಗಾದರೆ ಅವರಿಗೆ ಗೊತ್ತಿತ್ತೇ? ನನ್ನೆದುರೇ ಕೂತು ನಗೆಮಾತು ಹೇಳುತ್ತಿದ್ದದ್ದು — ನನಗೇ ಹೇಳುತ್ತಿದ್ದರೇ? ಅವರ ಕನ್ನಡ ನಿಜಕ್ಕೂ ಕಳಚಿತ್ತೇ, ಇಲ್ಲವೇ ತಿಳಿಯುವವನಿಗೆ ತಿಳಿಯುವ ಭಾಷೆಯಲ್ಲೇ ಹೇಳಿದರೇ? ನೂರು ಸಲ ತಿರುಗಿಸಿ ನೋಡಿದ್ದೇನೆ, ತೀರ್ಮಾನವಾಗಿಲ್ಲ. ಇಷ್ಟು ಗೊತ್ತು: ನೋಡುವುದು ಮುಗಿದ ಮೇಲೆ ಅವರು ಗೋಡೆಯ ಕಡೆ ತಿರುಗಿಕೊಂಡರು.

ಶಾರದ ಬಂದು, "ಅಮ್ಮ ಏನಾದ್ರೂ ಅಂದ್ರಾ?" ಎಂದಳು.

"ಏನೋ ತೆಲುಗಿನಲ್ಲಿ ಗೊಣಗಿದರು. ನನಗೆ ತಿಳಿಯಲಿಲ್ಲ" ಎಂದೆ.

ಭಾಷೆಯ ಒಂದು ಅಕ್ಷರ ಬಾರದವನಿಗೂ ಹೆಸರು ಕೇಳಿಸುತ್ತದೆ. ಸುಬ್ಬು ಎಂದಂತಿತ್ತು ಎಂದು ಹೇಳಿದ್ದರೆ ಸಾಕಿತ್ತು. ನನ್ನ ಗುಟ್ಟೂ ಉಳಿಯುತ್ತಿತ್ತು, ಅವರ ಕೆಲಸವೂ ಆಗುತ್ತಿತ್ತು. ಅಷ್ಟು ಬುದ್ಧಿಯೂ ಓಡಲಿಲ್ಲ. ಇಲ್ಲ, ಇದೂ ಪೂರ್ತಿ ನಿಜವಲ್ಲ. ಓಡಿತು. ಹೆಸರು ಹೇಳಿದರೆ ಮುಂದಿನದೂ ಕೇಳುತ್ತಾಳೆ ಎಂದು ಅದನ್ನೂ ನುಂಗಿದೆ. ಅತ್ತೆ ಮತ್ತೆ ಬಾಯಿ ಬಿಡಲಿಲ್ಲ. ಮರುದಿನ ಬೆಳಗಿಗೆ ಹೋಗಿಬಿಟ್ಟಿದ್ದರು.

ಚಿಕ್ಕತ್ತೆ ಬಂದರು. ಅಳು ನಿಂತ ಮೇಲೆ ಶಾರದಳ ಕೈ ಹಿಡಿದು, ಅಕ್ಕ ನನ್ನ ಹೆಸರು ಎತ್ತಿದಳಾ, ಒಂದು ಸಲವಾದರೂ, ಎಂದು ಕೇಳಿದರು. ಇಲ್ಲ ಪಿನ್ನೀ, ಎಂದಳು ಶಾರದ. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು. ಕೊನೆಯಲ್ಲಿ ಇವರೊಬ್ಬರೇ ಇದ್ದದ್ದು, ಇವರಿಗೆ ತೆಲುಗು ಬರದು, ಎಂದೂ ಸೇರಿಸಿದಳು. ಚಿಕ್ಕತ್ತೆ ನನ್ನ ಕಡೆ ನೋಡಿದರು. ನಾನು ಕ್ಯಾಲೆಂಡರ್ ಇರುವ ಗೋಡೆ ಹುಡುಕಿದೆ.

ಅನನ್ಯ ಮೆಟ್ಟಿಲು ಹಂಚಿದ ಮರುದಿನ, ಅವಳು ಬಸ್ಸು ಹತ್ತಿದ ಮೇಲೆ, ಶಾರದಳಿಗೆ ಎಲ್ಲವನ್ನೂ ಹೇಳಿದೆ. ಅವಳು ಸೊಪ್ಪು ಸೋಸುತ್ತಿದ್ದಳು. ಪೂರ್ತಿ ಕೇಳಿದಳು. ಸೊಪ್ಪನ್ನೂ ಪೂರ್ತಿ ಸೋಸಿದಳು. ಆಮೇಲೆ ಹೇಳಿದಳು:

"ಪಿನ್ನಿಗೆ ನೀವೇ ಹೋಗಿ ಹೇಳ್ಬೇಕು. ತೆಲುಗಲ್ಲೇ ಹೇಳ್ಬೇಕು. ನಾನು ಮಧ್ಯ ಬರಲ್ಲ."

ಅವತ್ತಿನಿಂದ ಅವಳು ತಂಗಿಯರ ಜೊತೆ ಮಾತಾಡುವಾಗ ಫೋನು ಹಿಡಿದು ಮಹಡಿಗೆ ಹೋಗುತ್ತಾಳೆ. ಇಷ್ಟು ವರ್ಷ ನನ್ನ ಪಕ್ಕದಲ್ಲೇ ಕೂತು ಆಡುತ್ತಿದ್ದ ಮಾತು. ಮೆಟ್ಟಿಲು ಹತ್ತುವಾಗ ಅವಳ ಮಂಡಿ ನೋಯುತ್ತದೆ, ಹತ್ತುತ್ತಾಳೆ. ನಾನು ಕೆಳಗೆ ಕೂತು ಕೇಳಿಸದ ತೆಲುಗಿನ ಬಗ್ಗೆ ಯೋಚಿಸುತ್ತೇನೆ.

ಈ ಬರಹ ಚಿಕ್ಕತ್ತೆಗೆ ಉಪಯೋಗವಿಲ್ಲ. ಅವರಿಗೆ ಓದು ಬಾರದು. ಬರೆದು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಮಾತಾಡಲು ಹೊರಟಾಗ ಗೊತ್ತಾಯಿತು, ನನಗೆ ತೆಲುಗು ಬರುವುದು ಅರ್ಧ ಮಾತ್ರ. ಕೇಳುವ ಏಣಿಯ ತುದಿಯಲ್ಲಿದ್ದೆ; ಆಡುವ ಏಣಿಯ ಬುಡಕ್ಕೂ ಕಾಲಿಟ್ಟಿರಲಿಲ್ಲ. ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಭ್ಯಾಸ ಮಾಡಿದೆ. ಎಪ್ಪತ್ತು ದಾಟಿದ ಪಂಡಿತನ ನಾಲಿಗೆ ಒಂದನೆಯ ತರಗತಿಯ ಹುಡುಗನ ಹಾಗೆ ಎಡವಿತು. ಅತ್ತೆ ಏದುಸಿರು ಬಿಟ್ಟದ್ದು ಎಂಥದೆಂದು ಅಲ್ಲಿ ತಿಳಿಯಿತು, ತಲೆದೂಗುವವರು ಯಾರೂ ಇರಲಿಲ್ಲ.

ಹೋದ ವಾರ ಶಿಡ್ಲಘಟ್ಟಕ್ಕೆ ಹೋದೆ. ಚಿಕ್ಕತ್ತೆ ಜಗಲಿಯಲ್ಲಿ ಕೂತಿದ್ದರು. ಒಳಗಿನಿಂದ ರೇಷ್ಮೆಗೂಡು ಬೇಯುವ ವಾಸನೆ ಬರುತ್ತಿತ್ತು. "ಬನ್ನಿ ಮೇಷ್ಟ್ರೇ, ಒಬ್ರೇ ಬಂದ್ರಾ? ಶಾರದ ಬರಲಿಲ್ವಾ?" ಎಂದರು ಕನ್ನಡದಲ್ಲಿ, ನನಗಾಗಿ. ಕೂತುಕೊಂಡೆ. ಕಾಫಿ ಬರುವ ಮೊದಲೇ ಹೇಳಿಬಿಡಬೇಕೆಂದುಕೊಂಡಿದ್ದೆ. ಕುಡಿದ ಮೇಲೆ ಹೇಳಲು ಇನ್ನೂ ಕಷ್ಟ.

"ಅತ್ತಮ್ಮ ಮಿಮ್ಮಲ್ನಿ ಪಿಲಿಪಿಂಚಮನಿಂದಿ," ಎಂದೆ. ನಿಮ್ಮನ್ನು ಕರೆಸು ಎಂದಿದ್ದರು. "ಒಕ ಮಾಟ ಚೆಪ್ಪಾಲನಿಂದಿ. ನಾಕು ಅರ್ಥಮಯಿಂದಿ. ನೇನು ಎವರಿಕೀ ಚೆಪ್ಪಲೇದು." ಒಂದು ಮಾತು ಹೇಳಬೇಕೆಂದರು, ನನಗೆ ಅರ್ಥವಾಯಿತು, ನಾನು ಯಾರಿಗೂ ಹೇಳಲಿಲ್ಲ.

ಮೊದಲು ಅವರಿಗೆ ನನ್ನ ಬಾಯಲ್ಲಿ ತೆಲುಗು ಬಂದದ್ದೇ ಆಶ್ಚರ್ಯ. ಒಂದು ಗಳಿಗೆ ನಗುವಿನಂಥದೇನೋ ಮುಖದ ಮೇಲೆ ಬಂತು. ಆಮೇಲೆ ಆಡಿದ ಮಾತು ಒಳಗಿಳಿಯಿತು. ನಗು ಎಲ್ಲಿಗೆ ಹೋಯಿತೋ ನಾನು ನೋಡಲಿಲ್ಲ. ಕಾಫಿ ತಂದ ಸೊಸೆ ಲೋಟವಿಟ್ಟು ಒಳಗೆ ಹೋದಳು. ಚಿಕ್ಕತ್ತೆ ಬೈಯುತ್ತಾರೆ, ಅಳುತ್ತಾರೆ, ಎದ್ದು ಹೋಗಿ ಎನ್ನುತ್ತಾರೆ ಎಂದು ಎಲ್ಲಕ್ಕೂ ಸಿದ್ಧನಾಗಿದ್ದೆ. ಅವರು ಸ್ವಲ್ಪ ಮುಂದಕ್ಕೆ ಬಾಗಿ, ಬಹಳ ಮೆಲ್ಲಗೆ ಕೇಳಿದರು:

"ಏಮಿ ಮಾಟ, ನಾಯನಾ?"

ಏನು ಮಾತು?

ಅನನ್ಯಳ ಏಣಿಯ ಕೆಳಗಿನ ಮೆಟ್ಟಿಲಿನ ಪ್ರಶ್ನೆ. ಯಾವ ಭಾಷೆಯಲ್ಲಾದರೂ ಮೊದಲ ವಾರದಲ್ಲೇ ಕಲಿಸುವುದು. ಆ ಮಧ್ಯಾಹ್ನ ಮಂಚದ ಪಕ್ಕದಲ್ಲಿ ಕೂತು ನಾನು ಅಷ್ಟು ಕೇಳಿದ್ದರೆ, ಅತ್ತೆ ಹೇಳಿರುತ್ತಿದ್ದರು. ಬೈಗುಳವೋ, ಕ್ಷಮೆಯೋ, ಆರತಿಯ ಮಾತೋ, ಹುಣಸೆತೋಪಿನ ಮಾತೋ, ಯಾವುದಾದರೂ ಇವತ್ತು ಈ ಜಗಲಿಗೆ ತಲುಪುತ್ತಿತ್ತು.

"ತೆಲೀದು," ಎಂದೆ.

ಬದುಕಿನುದ್ದಕ್ಕೂ ಸುಳ್ಳಾಗಿ ಆಡಿದ ಮಾತು ಅವತ್ತು ಮೊದಲ ಸಲ ನಿಜವಾಗಿತ್ತು. ಚಿಕ್ಕತ್ತೆ ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದರು. ಅಕ್ಕ ಆಡಿದ ಮಾತು ಕಟುವಾಗಿತ್ತು, ಮೇಷ್ಟ್ರು ಮತ್ತೆ ಮುಚ್ಚಿಡುತ್ತಿದ್ದಾರೆ ಎಂದು ಅವರಿಗೆ ಅನಿಸಿರಬೇಕು. ನಂಬಿ ಎಂದು ಕೇಳುವಷ್ಟು ತೆಲುಗು ನನಗಿತ್ತು. ಕೇಳುವ ಮುಖವಿರಲಿಲ್ಲ.